ಲಗ್ನಪತ್ರಿಕೆಯ ಅಕ್ಷರ

ಕಳೆದ ಮಾಘಮಾಸದಲ್ಲಿ ನನ್ನ ಕಿರಿಯ ಮಗಳ ವಿವಾಹವು ನಡೆಯಿತು. ಗೃಹಸ್ಥರಾದ ವಾಚಕರಿಗೆ ನಾನು ಹೇಳಬೇಕಾದುದಿಲ್ಲ. ಮದುವೆಯೆಂಬುದು ಮುಹೂರ್ತದ ದಿನ ಆರಂಭವಾಗುವುದಲ್ಲ, ಲಗ್ನಪತ್ರಿಕೆಯನ್ನು ಅಚ್ಚಿಗೆ ಕೊಡುವ ದಿನವೇ ಆರಂಭವಾಗುವುದು. ಯಾರ ಹೆಸರು ಮೊದಲು, ಯಾರದು ಆಮೇಲೆ, ತೀರಿಹೋದ ಹಿರಿಯರನ್ನು ಎಲ್ಲಿ ಸ್ಮರಿಸಬೇಕು, ದೂರದ ಭಾವಮೈದುನನನ್ನು ಬಿಟ್ಟರೆ ಎಷ್ಟು ವರ್ಷದ ಮನಸ್ತಾಪ—ಇವೆಲ್ಲವೂ ಆ ಒಂದು ಹಾಳೆಯ ಮೇಲೆ ಇತ್ಯರ್ಥವಾಗಬೇಕು. ಮೂವತ್ತೈದು ವರ್ಷ ಪಾಠಶಾಲೆಯಲ್ಲಿ ಮಕ್ಕಳ ಬರವಣಿಗೆಯನ್ನು ತಿದ್ದಿದ ನಾನು ಈ ಒಂದು ಹಾಳೆಯನ್ನು ತಿದ್ದುವುದರಲ್ಲಿ ಬಹುಮಟ್ಟಿಗೆ ಸೋತೆನೆಂದರೆ ಸಾಕು.

ಕನ್ನಡದ ಪುಟವನ್ನು ನಾನೇ ಬರೆದುಕೊಟ್ಟೆನು. ಎದುರು ಪುಟವು ಇಂಗ್ಲಿಷಿನಲ್ಲಿರಬೇಕೆಂದು ಮಗಳ ಅಪೇಕ್ಷೆ; ಆಕೆಯೊಡನೆ ಕೆಲಸಮಾಡುವವರಲ್ಲಿ ಕನ್ನಡ ಬಾರದವರು ಬಹಳ ಮಂದಿ. ಆ ಪುಟಕ್ಕೆ ಒಂದು ವಿಶೇಷವಾದ ಅಕ್ಷರವನ್ನೂ ಅವಳೇ ಆರಿಸಿದ್ದಳು. ಕೈಬರಹದಂತೆ ಬಾಗಿ ಬಳುಕಿ, ಮೇಲಕ್ಕೂ ಕೆಳಕ್ಕೂ ಬಳ್ಳಿಯ ಕುಡಿಗಳಂತೆ ಚಾಚಿಕೊಂಡಿರುವ ಅಕ್ಷರ. ನೋಡಿದಾಗ ನನಗೂ ಸೊಗಸೆನಿಸಿತು. ಅಚ್ಚುಕೂಟದವರಿಗೆ ಹೇಳಿಬಂದೆವು. ನಾಲ್ಕು ದಿನಗಳಲ್ಲಿ ಕರಡುಪ್ರತಿ ಬಂದಿತು. ನಾನು ಕನ್ನಡದ ಪುಟವನ್ನು ಮಾತ್ರ ತಿದ್ದಿ, ಎರಡನ್ನೂ ಬೀಗರ ಅವಗಾಹನೆಗೆಂದು ಫೋನಿನಲ್ಲಿಯೇ ಕಳುಹಿಸಿದೆನು.

ಸಂಜೆಗೆ ಬೀಗರು ಮಾತನಾಡಿದರು. ಬಹು ಸೌಜನ್ಯದ ಮನುಷ್ಯರು. “ಮೇಷ್ಟರೇ, ಪತ್ರಿಕೆ ಬಹಳ ಚೆನ್ನಾಗಿದೆ. ಇಂಗ್ಲಿಷ್ ಪುಟದಲ್ಲಿ ನಮ್ಮ ಹುಡುಗನ ಹೆಸರನ್ನು ಮನೆಮಂದಿಯೆಲ್ಲ ಸೇರಿ ಹುಡುಕಿದೆವು. ಎಡಗಡೆ ಇರುವುದೇ ಅವನದೆಂದು ನಂಬಿದ್ದೇವೆ” ಎಂದರು.

ನಾನು ಕನ್ನಡಕವನ್ನು ಒರೆಸಿಕೊಂಡು ನೋಡಿದೆನು. ಅಚ್ಚುಕೂಟದವರು ಹೆಸರುಗಳನ್ನೆಲ್ಲ ಆದಿಯಿಂದ ಅಂತ್ಯದವರೆಗೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿಯೇ ಕೂಡಿಸಿದ್ದರು. ಒಂದೊಂದು ದೊಡ್ಡಕ್ಷರವೂ ತನ್ನ ಸುತ್ತ ಬಳ್ಳಿಯನ್ನು ಬೀಸುವಂಥದು. ಹತ್ತು ಅಕ್ಷರ ಒಟ್ಟಿಗೆ ನಿಂತಾಗ ಹತ್ತು ಬಳ್ಳಿಗಳು ಒಂದಕ್ಕೊಂದು ಹೆಣೆದು, ಹೆಸರು ಹೋಗಿ ಪೊದೆ ಉಳಿದಿತ್ತು. ಸಾಲದುದಕ್ಕೆ ಮೇಲಿನ ಸಾಲಿನ ಒಂದು ಬಾಲವು ಇಳಿದು ಬಂದು ಮುಹೂರ್ತದ ತಾರೀಖಿನ ಮೇಲೆಯೇ ಗೀಟೆಳೆದಿತ್ತು. ನಾನು ಕೇಳಲು ಹೋದಾಗ ಅಲ್ಲಿದ್ದ ಹುಡುಗನು, “ದೊಡ್ಡಕ್ಷರ ಹಾಕಿದರೇ ಗೌರವ ಸಾರ್, ಎಲ್ಲರೂ ಹಾಗೇ ಕೇಳುತ್ತಾರೆ” ಎಂದನು. ಅವನಲ್ಲಿ ಕೋಪಿಸಿಕೊಳ್ಳಲು ಮನಸ್ಸು ಬಾರದೆ, ಕೋಪವನ್ನೆಲ್ಲ ಮನೆಗೆ ತಂದು ಆ ಅಕ್ಷರದ ಮೇಲೆ ಸುರಿದೆನು. “ಓದಲಾಗದ ಅಕ್ಷರವನ್ನು ಮಾಡಿದ ಆ ಪುಣ್ಯಾತ್ಮ ಯಾರು?” ಎಂದೆನು. ಮಗಳ ಕಣ್ಣು ತುಂಬಿತು. ಆದರೂ ಆಕೆ ಹೇಳಿದುದು ಸರಿಯಾದ ಮಾತು: “ಅಪ್ಪ, ಮಾಡಿದವರು ಯಾರೆಂದು ತಿಳಿದುಕೊಂಡು ಆಮೇಲೆ ಬಯ್ಯಿರಿ.”

ಹಾಗೆ ತಿಳಿದುಕೊಂಡುದನ್ನು ಈಗ ವಾಚಕರ ಮುಂದಿಡುತ್ತೇನೆ.

ಆ ಅಕ್ಷರದ ಹೆಸರು ಜಾಫಿನೊ. ಅದನ್ನು ರಚಿಸಿದವರು ಹರ್ಮನ್ ಜಾಫ್ ಎಂಬ ಜರ್ಮನಿಯ ಲಿಪಿಕಾರರು. (ಅವರ ದೇಶದವರು ಆ ಹೆಸರನ್ನು ‘ತ್ಸಾಪ್ಫ್’ ಎಂದು ಉಚ್ಚರಿಸುವರು, ಮೂರು ಒತ್ತುಗಳನ್ನು ಸಲೀಸಾಗಿ ನುಡಿಯುವ ನಮ್ಮ ವೈದಿಕರ ನಾಲಗೆಗೂ ಇದು ಸ್ವಲ್ಪ ಪರೀಕ್ಷೆಯೇ. ನಾವು ಜಾಫ್ ಎಂದೇ ಕರೆಯೋಣ.) ಇದು ಪುಸ್ತಕದ ಒಡಲಿಗೆ ಹೇಳಿದ ಅಕ್ಷರವಲ್ಲ, ಕರೆಯೋಲೆ, ಪ್ರಶಸ್ತಿಪತ್ರ, ಗ್ರಂಥದ ಮುಖಪುಟ ಮುಂತಾದ ಸಭಾಯೋಗ್ಯ ಸಂದರ್ಭಗಳಲ್ಲಿ ಎರಡು ಮೂರು ಮಾತುಗಳನ್ನು ಮಾತ್ರ ಅಲಂಕರಿಸಲು ಹುಟ್ಟಿದುದು.

ಇಂತಹ ಕೈಬರಹದ ಅಚ್ಚಕ್ಷರಗಳಲ್ಲಿ ಮುಖ್ಯವಾಗಿ ಎರಡು ಮನೆತನಗಳುಂಟು. ಒಂದು, ಮೊನಚಾದ ನಿಬ್ಬಿನಿಂದ ಹುಟ್ಟಿದುದು. ಕೈಯನ್ನು ಒತ್ತಿದರೆ ನಿಬ್ಬಿನ ಸೀಳು ಅಗಲವಾಗಿ ಗೆರೆ ದಪ್ಪವಾಗುವುದು. ಸಡಿಲಿಸಿದರೆ ಕೂದಲಿನಷ್ಟು ತೆಳುವಾಗುವುದು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಬಿಕ್‌ಹ್ಯಾಮ್ ಎಂಬ ಕೆತ್ತನೆಗಾರನು ತನ್ನ ಕಾಲದ ಬರವಣಿಗೆಯ ಉಪಾಧ್ಯಾಯರ ಮಾದರಿಗಳನ್ನು ತಾಮ್ರದ ಫಲಕಗಳಲ್ಲಿ ಕೆತ್ತಿ ಪ್ರಕಟಿಸಿದುದು ಈ ಶೈಲಿ. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ನಾವು ಬೆರಳು ನೋಯುವಂತೆ ತಿದ್ದಿದ ಇಂಗ್ಲಿಷ್ ಕೂಡುಬರಹವು ಇದರ ಬಡ ಮೊಮ್ಮಗುವೆನ್ನಬಹುದು. ಇನ್ನೊಂದು ಮನೆತನವು ಅದಕ್ಕಿಂತ ಹಳೆಯದು. ಹದಿನೈದು ಹದಿನಾರನೆಯ ಶತಮಾನಗಳ ಇಟಲಿಯ ರಾಜಕಾರ್ಯಾಲಯಗಳಲ್ಲಿ ಬೆಳೆದುದು. ಅಲ್ಲಿ ಲೇಖನಿಯ ತುದಿ ಚಪ್ಪಟೆ. ಒತ್ತುವುದು ಬೇಕಿಲ್ಲ, ಲೇಖನಿಯನ್ನು ಹಿಡಿದ ಕೋನವೇ ಗೆರೆಯ ದಪ್ಪವನ್ನೂ ತೆಳುವನ್ನೂ ನಿರ್ಣಯಿಸುವುದು. ಜಾಫಿನೊ ಈ ಎರಡನೆಯ ಕುಲಕ್ಕೆ ಸೇರಿದುದು. ಆದುದರಿಂದಲೇ ಅದರ ಬಳುಕಿನಲ್ಲಿಯೂ ಒಂದು ಬಿಗಿ ಇರುವುದು.

ಕೈಬರಹವನ್ನು ಅಚ್ಚಿಗೆ ತರುವುದರಲ್ಲಿ ಕಷ್ಟವೇನೆಂದು ಕೇಳುವವರು ಸೀಸದ ಮೊಳೆಗಳ ಅಚ್ಚುಕೂಟವನ್ನು ನೋಡದವರು. ನಾನು ನೋಡಿದ್ದೇನೆ. ನನ್ನ ಸೋದರಮಾವನವರು ತಾಲ್ಲೂಕು ಊರಿನ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಬೇಸಗೆಯ ರಜೆಯಲ್ಲಿ ಅವರ ಬಳಿ ಕುಳಿತು, ಮನೆಮನೆಯಾಗಿ ಹಂಚಿದ ಮರದ ಪೆಟ್ಟಿಗೆಯಿಂದ ಅವರ ಬೆರಳುಗಳು ನೋಡದೆಯೇ ಮೊಳೆಗಳನ್ನು ಆರಿಸುವುದನ್ನು ನೋಡುವುದೇ ನನಗೆ ನಾಟಕ. ಪ್ರತಿಯೊಂದು ಅಕ್ಷರವೂ ಒಂದೊಂದು ಲೋಹದ ಚಚ್ಚೌಕದ ಕಂಬದ ತಲೆಯ ಮೇಲೆ ಕುಳಿತಿರುವುದು. ಕಂಬದ ಅಂಚಿನಾಚೆಗೆ ಅಕ್ಷರವು ಚಾಚಬಾರದು. ಚಾಚಿದರೆ ಆ ಭಾಗಕ್ಕೆ ಕೆಳಗೆ ಆಸರೆಯಿಲ್ಲ. ಯಂತ್ರವು ಒತ್ತುವಾಗ ಅದು ಮುರಿದುಬೀಳುವುದು. ಹಾಗೆ ಮುರಿದ ಚೂರುಗಳನ್ನು ಮಾವನವರು ಒಂದು ತಗಡಿನ ಡಬ್ಬಿಯಲ್ಲಿ ಹಾಕುತ್ತಿದ್ದರು. ತಿಂಗಳಿಗೊಮ್ಮೆ ಡಬ್ಬಿಯನ್ನು ಅಲುಗಿಸಿ, “ಇದು ಈ ತಿಂಗಳ ಬಾಲಗಳ ಲೆಕ್ಕ” ಎಂದು ನಗುವರು.

ಕನ್ನಡದವರಿಗೆ ಈ ಕಷ್ಟವು ಬಹಳ ಹತ್ತಿರದ್ದು. ತಲೆಕಟ್ಟು, ಗುಡಿಸು, ಕೊಂಬು, ದೀರ್ಘ, ಒತ್ತಕ್ಷರ—ನಮ್ಮ ಲಿಪಿಯಲ್ಲಿ ಅಕ್ಷರವು ಒಂಟಿಯಾಗಿ ನಿಲ್ಲುವುದು ಕಡಮೆ. ಮಂಗಳೂರಿನಲ್ಲಿ 1843ರಲ್ಲಿ ಹರ್ಮನ್ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾದುದು. ಅವರೂ ಹರ್ಮನ್, ಅವರೂ ಜರ್ಮನಿಯವರು. ಇದು ಬರಿಯ ಕಾಕತಾಳೀಯ. ಕಲ್ಲಚ್ಚಿನಲ್ಲಿ ಕೈ ಬರೆದುದೇ ಕಾಗದಕ್ಕೆ ಇಳಿಯುವುದು. ಒತ್ತು ಎಷ್ಟು ಕೆಳಗೆ ಇಳಿದರೂ ಕೇಳುವವರಿಲ್ಲ. ಮೊಳೆಯ ಅಚ್ಚು ಬಂದಮೇಲೆ ವೇಗವೂ ಅಗ್ಗವೂ ಬಂದವು, ಕೈಯ ಸ್ವಾತಂತ್ರ್ಯವು ಹೋಯಿತು. ಜಾಫರ ಜೀವಮಾನದ ಕಥೆಯೆಲ್ಲವೂ ಈ ಕೊಟ್ಟುದಕ್ಕೂ ಕಳೆದುದಕ್ಕೂ ಸಂಬಂಧಪಟ್ಟುದು.

ಅವರು ಹುಟ್ಟಿದುದು 1918ರ ನವೆಂಬರ್ 8ರಂದು, ನ್ಯೂರೆಂಬರ್ಗ್ ನಗರದಲ್ಲಿ. ಬಾಲ್ಯದಲ್ಲಿ ಅವರ ಆಸೆ ವಿದ್ಯುಚ್ಛಕ್ತಿಯ ಎಂಜಿನಿಯರಾಗಬೇಕೆಂಬುದು. ಆದರೆ ತಂದೆಯವರು ಕಾರ್ಮಿಕ ಸಂಘದಲ್ಲಿ ಕೆಲಸಮಾಡಿದವರು. 1933ರಲ್ಲಿ ಹಿಟ್ಲರನ ಪಕ್ಷವು ಅಧಿಕಾರಕ್ಕೆ ಬಂದ ಕೂಡಲೆ ತಂದೆಯ ಉದ್ಯೋಗವೂ ಹೋಯಿತು, ಮಗನ ತಾಂತ್ರಿಕ ವಿದ್ಯಾಭ್ಯಾಸದ ಬಾಗಿಲೂ ಮುಚ್ಚಿತು. ಹುಡುಗನ ಚಿತ್ರಕೌಶಲವನ್ನು ಕಂಡಿದ್ದ ಉಪಾಧ್ಯಾಯರು ಕಲ್ಲಚ್ಚಿನ ಕೆಲಸ ಕಲಿಯುವಂತೆ ಸೂಚಿಸಿದರು. (ಉಪಾಧ್ಯಾಯರ ಒಂದು ಮಾತು ಎಲ್ಲಿಗೆ ಮುಟ್ಟುವುದೆಂದು ಆ ಉಪಾಧ್ಯಾಯರಿಗೇ ತಿಳಿಯುವುದಿಲ್ಲ, ಇದನ್ನು ನಾನು ನನ್ನ ವೃತ್ತಿಬಾಂಧವರ ಸಮಾಧಾನಕ್ಕಾಗಿ ಬರೆಯುತ್ತಿದ್ದೇನೆ.) ಎಲ್ಲೆಡೆಯೂ ಕೆಲಸಕ್ಕೆ ಮೊದಲು ರಾಜಕೀಯದ ಪ್ರಶ್ನೆ. ಕಟ್ಟಕಡೆಗೆ ಒಂದು ಮುದ್ರಣಾಲಯವು ಆ ಪ್ರಶ್ನೆಯನ್ನು ಕೇಳದೆ, ಛಾಯಾಚಿತ್ರಗಳ ದೋಷ ತಿದ್ದುವ ಕೆಲಸ ಕಲಿಯುವುದಕ್ಕೆ ಅವರನ್ನು ಸೇರಿಸಿಕೊಂಡಿತು.

1935ರಲ್ಲಿ ಆ ಊರಿನಲ್ಲಿ, ಹಿಂದಿನ ವರ್ಷ ತೀರಿಕೊಂಡಿದ್ದ ರುಡಾಲ್ಫ್ ಕೋಖ್ ಎಂಬ ಪ್ರಸಿದ್ಧ ಲಿಪಿಕಾರರ ನೆನಪಿಗೆ ಒಂದು ಪ್ರದರ್ಶನವು ಏರ್ಪಟ್ಟಿತು. ಹದಿನಾರು ಹದಿನೇಳು ವರ್ಷದ ಜಾಫ್ ಅದನ್ನು ನೋಡಿ ಮನಸೋತು, ಎರಡು ಪುಸ್ತಕಗಳನ್ನು ಕೊಂಡುತಂದರು: ಒಂದು ಕೋಖರದು, ಇನ್ನೊಂದು ಇಂಗ್ಲೆಂಡಿನ ಎಡ್ವರ್ಡ್ ಜಾನ್‌ಸ್ಟನ್ನರದು. ಚಪ್ಪಟೆ ತುದಿಯ ಲೇಖನಿಯನ್ನು ಹಿಡಿದು ಮನೆಯಲ್ಲಿಯೇ ಕುಳಿತು ತಿದ್ದತೊಡಗಿದರು. ಗುರುವಿಲ್ಲದ ವಿದ್ಯೆಯನ್ನು ಶಾಸ್ತ್ರವು ಮೆಚ್ಚದು. ಆದರೂ ಏಕಲವ್ಯನ ಪರಂಪರೆ ಎಲ್ಲ ದೇಶದಲ್ಲಿಯೂ ಉಂಟಷ್ಟೆ. 1938ರಲ್ಲಿ ಫ್ರಾಂಕ್‌ಫರ್ಟ್ ನಗರಕ್ಕೆ ಹೋಗಿ ಕೋಖರ ಮಗನ ಕಾರ್ಯಶಾಲೆಯನ್ನು ಸೇರಿದರು. ಅಲ್ಲಿಂದ ಸ್ಟೆಂಪಲ್ ಎಂಬ ಅಚ್ಚುಮೊಳೆಯ ಎರಕದ ಕಾರ್ಖಾನೆಯವರ ಪರಿಚಯವಾಯಿತು.

ಅಷ್ಟರಲ್ಲಿ ಮಹಾಯುದ್ಧ. ಸೈನ್ಯಕ್ಕೆ ಸೇರಿಸಲ್ಪಟ್ಟ ಜಾಫರ ಕೈಗೆ ಕೋವಿಗಿಂತ ಲೇಖನಿಯೇ ಒಗ್ಗುವುದೆಂದು ಮೇಲಿನವರಿಗೆ ಬೇಗ ತಿಳಿಯಿತು. ಭೂಪಟ ಬರೆಯುವ ಕೆಲಸಕ್ಕೆ ಹಾಕಿ ಫ್ರಾನ್ಸಿಗೆ ಕಳುಹಿಸಿದರು. ಬೋರ್ಡೋ ನಗರದಲ್ಲಿ ಅವರು ಸ್ಪೇನ್ ದೇಶದ ಪಟಗಳನ್ನು ಬರೆಯುತ್ತಿದ್ದರು. ಒಂದು ಮಿಲಿಮೀಟರು ಎತ್ತರದ ಅಕ್ಷರಗಳನ್ನು ಭೂತಗನ್ನಡಿಯ ಸಹಾಯವಿಲ್ಲದೆ ಬರೆಯಬಲ್ಲಷ್ಟು ಅವರ ಕಣ್ಣು ಚುರುಕು. ವಿರಾಮದ ವೇಳೆಯಲ್ಲಿ ಕೈಪುಸ್ತಕದಲ್ಲಿ ತಮಗಾಗಿ ಏನಾದರೂ ಬರೆಯುವರು. ಹೀಗೆ 1944ರಲ್ಲಿ ಒಂದು ಪುಟವನ್ನು ಬರೆದರು. ಹಗಲೆಲ್ಲ ಮಿಲಿಮೀಟರಿನ ಅಳತೆಗೆ ಕಟ್ಟುಬಿದ್ದ ಕೈ, ಅಲ್ಲಿ ಮಾತ್ರ ಕಟ್ಟು ಹರಿದುಕೊಂಡು ಹೋಗಿತ್ತು. ಒಂದೇ ಅಕ್ಷರವು ಬಂದಾಗಲೆಲ್ಲ ಬೇರೆ ರೂಪ. ಒಂದರ ಬಾಲವು ಮುಂದಿನ ಅಕ್ಷರಗಳ ಕೆಳಗೆ ನುಸುಳುವುದು. ಇನ್ನೊಂದರ ಕೊರಳು ಹಿಂದಿನ ಅಕ್ಷರಗಳ ಮೇಲೆ ಚಾಮರದಂತೆ ಬಾಗುವುದು.

ಆ ಪುಟವು ಯಥಾವತ್ತಾಗಿ ಅಚ್ಚಕ್ಷರವಾಗಲು ಐವತ್ತನಾಲ್ಕು ವರ್ಷ ಹಿಡಿಯಿತು.

ಯುದ್ಧವು ಮುಗಿದಮೇಲೆ, 1947ರಲ್ಲಿ, ಜಾಫ್ ಸ್ಟೆಂಪಲ್ ಕಾರ್ಖಾನೆಯ ಮುದ್ರಣಶಾಲೆಗೆ ಕಲಾನಿರ್ದೇಶಕರಾದರು. ಅಲ್ಲಿ ಔಗುಸ್ಟ್ ರೋಸೆನ್‌ಬರ್ಗರ್ ಎಂಬ ಅಸಾಧಾರಣ ಕುಶಲಿ ಇದ್ದರು. ಜಾಫ್ ಕಾಗದದಲ್ಲಿ ಬರೆದುದನ್ನು ಲೋಹದಲ್ಲಿ ಕೆತ್ತುವುದು ಅವರ ಕೆಲಸ. ಇಂಥ ಕೈಯೂ ಇಂಥ ಉಳಿಯೂ ಒಂದೆಡೆ ಸೇರಿರುವಾಗ ಕೈಬರಹದ ಅಚ್ಚಕ್ಷರವನ್ನು ಏಕೆ ಮಾಡಬಾರದು? 1948ರಲ್ಲಿ ಮಾಡಿದರು. ವಿರ್ತುಓಸ ಎಂದು ಅದರ ಹೆಸರು. ಸುಂದರವಾದುದೇ. ಆದರೆ ಮೊಳೆಯ ಕಂಬವು ಅಂಚನ್ನು ಮೀರಗೊಡದು. ಬಾಲಗಳನ್ನು ಮೊಟಕುಮಾಡಬೇಕಾಯಿತು, ಕೊರಳುಗಳನ್ನು ಕುಗ್ಗಿಸಬೇಕಾಯಿತು. ತಗಡಿನ ಡಬ್ಬಿಯ ಬಾಲಗಳನ್ನು ಕಂಡ ನನಗೆ ಆ ಸಂಕಟವು ಚೆನ್ನಾಗಿ ಅರ್ಥವಾಗುವುದು. ಕೈಪುಸ್ತಕದ ಪುಟವು ಕೈಪುಸ್ತಕದಲ್ಲಿಯೇ ಉಳಿಯಿತು.

ನಡುವಣ ನಾಲ್ವತ್ತು ವರ್ಷಗಳಲ್ಲಿ ಜಾಫ್ ಲೋಕಪ್ರಸಿದ್ಧರಾದರು. 1950ರ ಸುಮಾರಿಗೆ ಪಲಟೀನೊ, 1958ರಲ್ಲಿ ಆಪ್ಟಿಮ—ಇವು ಗಣಕಯಂತ್ರವುಳ್ಳ ಅನೇಕ ಮನೆಗಳಲ್ಲಿ ಇಂದಿಗೂ ಹೆಸರಿನಿಂದಲೇ ಪರಿಚಿತವಾದ ಅಕ್ಷರಗಳು. ಆಪ್ಟಿಮದ ಮೊದಲ ಕರಡನ್ನು 1950ರಲ್ಲಿ ಇಟಲಿಯ ಫ್ಲಾರೆನ್ಸಿನ ಸಾಂತಾ ಕ್ರೋಚೆ ದೇವಾಲಯದಲ್ಲಿ, ಸಮಾಧಿಶಿಲೆಗಳ ಬರಹವನ್ನು ನೋಡುತ್ತ, ಬೇರೆ ಕಾಗದವಿಲ್ಲದೆ ಸಾವಿರ ಲೀರಾದ ನೋಟಿನ ಮೇಲೆಯೇ ಬರೆದುಕೊಂಡರು. ನಮ್ಮ ಮನೆಯವರು ಇದನ್ನು ಕೇಳಿ, “ನೀವು ಹಾಲಿನ ಲೆಕ್ಕ ಬರೆಯುವುದೂ ಹಾಗೆಯೇ” ಎಂದರು. 1960ರಲ್ಲಿ ನ್ಯೂಯಾರ್ಕಿನ ಪಿಯರ್‌ಪಾಂಟ್ ಮಾರ್ಗನ್ ಪುಸ್ತಕಾಲಯದವರು ಕೇಳಿಕೊಂಡಂತೆ ಸಂಯುಕ್ತರಾಷ್ಟ್ರಗಳ ಸನ್ನದಿನ ಪೀಠಿಕೆಯನ್ನು ನಾಲ್ಕು ಭಾಷೆಗಳಲ್ಲಿ ಕೈಯಿಂದ ಬರೆದುಕೊಟ್ಟರು. ಅವರ ಧರ್ಮಪತ್ನಿ ಗುಡ್ರುನ್ ಅವರೂ ಲಿಪಿಕಾರ್ತಿಯೇ, ಪುಸ್ತಕದ ರಟ್ಟುಕಟ್ಟುವುದರಲ್ಲಿ ನಿಪುಣೆ. ಆಕೆ ರಚಿಸಿದ ಅಚ್ಚಕ್ಷರಗಳೂ ಹಲವುಂಟು.

ಜಾಫ್ ಇತರ ಲಿಪಿಕಾರರಂತೆ ಯಂತ್ರವನ್ನು ಕಂಡು ಮುಖ ತಿರುಗಿಸಿದವರಲ್ಲ. ಸೀಸದ ಕಾಲ ಹೋಗಿ ಛಾಯಾಕ್ಷರದ ಕಾಲ ಬಂದಾಗಲೂ, ಅದೂ ಹೋಗಿ ಗಣಕಯಂತ್ರ ಬಂದಾಗಲೂ, ಮೊದಲು ಹೋಗಿ ನೋಡಿದವರು ಅವರು. 1977ರಿಂದ ಹತ್ತು ವರ್ಷ ಅಮೆರಿಕದ ರಾಚೆಸ್ಟರಿನಲ್ಲಿ ಗಣಕಯಂತ್ರದಿಂದ ಅಕ್ಷರ ಜೋಡಿಸುವ ವಿಷಯವನ್ನೇ ಬೋಧಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಕ್ನೂತರೊಡನೆ ಸೇರಿ ಗಣಿತದ ಗ್ರಂಥಗಳಿಗಾಗಿ ಒಂದು ಅಕ್ಷರವನ್ನು ರಚಿಸಿದರು. ಆ ಕೆಲಸದಲ್ಲಿ ಡೇವಿಡ್ ಸೀಗಲ್ ಎಂಬ ತರುಣನೂ ಇದ್ದನು.

ಈ ಸೀಗಲನೇ 1993ರಲ್ಲಿ ಜಾಫರಿಗೆ ಕಾಗದ ಬರೆದು ಒಂದು ಯೋಚನೆಯನ್ನು ತಿಳಿಸಿದನು. ಒಂದೊಂದು ಅಕ್ಷರಕ್ಕೂ ಹಲವಾರು ರೂಪಗಳನ್ನು ಕೊಟ್ಟು, ಎಲ್ಲಿ ಯಾವ ರೂಪ ಬರಬೇಕೆಂಬುದನ್ನು ಗಣಕಯಂತ್ರವೇ ಆರಿಸುವಂತೆ ಮಾಡಿದರೆ ಹೇಗೆ? ಜಾಫರಿಗೆ ಆಗ ಎಪ್ಪತ್ತೈದು ವರ್ಷ. ಆ ವಯಸ್ಸಿನಲ್ಲಿ ಹೊಸದಕ್ಕೆ ಕೈಹಾಕಲು ಹಿಂಜರಿದರು. ಆದರೆ ಯುದ್ಧಕಾಲದ ಕೈಪುಸ್ತಕವು ನೆನಪಿಗೆ ಬಂದಿತು. ಬಾಸ್ಟನ್ ನಗರದ ಗೀನೊ ಲೀ ಎಂಬವರನ್ನೂ ಸೇರಿಸಿಕೊಂಡು ಕೆಲಸ ಆರಂಭವಾಯಿತು. ಇನ್ನೇನು ಮುಗಿಯಿತೆನ್ನುವಾಗ ಸೀಗಲನಿಂದ ಇನ್ನೊಂದು ಕಾಗದ ಬಂದಿತು. ಸ್ವಂತ ಬಾಳಿನ ಒಂದು ವಿಯೋಗದಿಂದ ಮನಸ್ಸು ಮುರಿದಿದೆ, ಯಾವುದರಲ್ಲಿಯೂ ಆಸಕ್ತಿಯಿಲ್ಲವೆಂದು ಬರೆದು ಆತನು ಕೆಲಸವನ್ನು ಅಲ್ಲಿಗೇ ಬಿಟ್ಟನು.

ಇದನ್ನು ಓದಿದ ಇರುಳು ನನಗೆ ಬೇಗ ನಿದ್ರೆ ಬರಲಿಲ್ಲ. ತರುಣನನ್ನು ದೂಷಿಸಲಾರೆ, ಆ ವಯಸ್ಸಿನ ದುಃಖವು ದುಃಖವೇ. ಆದರೆ ಎರಡನೆಯ ಸಲ ಕೈಗೆ ಬಂದುದು ಬಾಯಿಗೆ ಬಾರದೆ ಹೋದಾಗ, ಎಪ್ಪತ್ತೈದು ದಾಟಿದ ಮುದುಕರು ಏನು ಮಾಡಬೇಕು? ಜಾಫ್ ಕೆಲಕಾಲ ಸುಮ್ಮನಿದ್ದು, ಕೊನೆಗೆ ಧೈರ್ಯಮಾಡಿ ಕಾಗದಗಳನ್ನೆಲ್ಲ ತಮ್ಮ ಹಳೆಯ ಪರಿಚಯದ ಲೈನೊಟೈಪ್ ಸಂಸ್ಥೆಯವರ ಮುಂದಿಟ್ಟರು. ಅವರು ಒಪ್ಪಿದರು. ಕೆಲಸವನ್ನು ಹೊಸದಾಗಿ ಅಣಿಗೊಳಿಸಿ, ನಾಲ್ಕು ಬಗೆಯ ವರ್ಣಮಾಲೆಗಳನ್ನೂ ಕೂಡಕ್ಷರಗಳನ್ನೂ ಅಲಂಕಾರದ ಬಳ್ಳಿಗಳನ್ನೂ ಸೇರಿಸಿ 1998ರಲ್ಲಿ ಜಾಫಿನೊವನ್ನು ಹೊರತಂದರು. ಆ ವರ್ಷ ಜಾಫರಿಗೆ ಎಂಬತ್ತು ತುಂಬಿತು. ಐದು ವರ್ಷಗಳ ಬಳಿಕ ಜಪಾನಿನ ಅಕಿರ ಕೊಬಯಾಶಿಯವರ ಸಹಕಾರದಿಂದ ಅದನ್ನು ಇನ್ನಷ್ಟು ವಿಸ್ತರಿಸಿದರು. 2015ರ ಜೂನ್ 4ರಂದು ಡಾರ್ಮ್‌ಸ್ಟಾಟ್ ನಗರದಲ್ಲಿ ಅವರು ತೀರಿಕೊಂಡರು.

ಗಣಕಯಂತ್ರವು ಮಾಡಿದುದೇನು ಎಂಬುದನ್ನು ಸಂಸ್ಕೃತ ಕಲಿತವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಅದು ಸಂಧಿಕಾರ್ಯವನ್ನು ಮಾಡುವುದು. ಸತ್ ಎಂಬುದರ ಮುಂದೆ ಜನ ಎಂಬುದು ಬಂದರೆ ಸಜ್ಜನ. ಜಗತ್ತಿನ ಮುಂದೆ ನಾಥ ಬಂದರೆ ಜಗನ್ನಾಥ. ತಕಾರವು ಎರಡು ಕಡೆಯೂ ಒಂದೇ; ಮುಂದೆ ಬಂದವರು ಯಾರೆಂಬುದನ್ನು ನೋಡಿ ತನ್ನ ರೂಪವನ್ನು ಬದಲಾಯಿಸಿಕೊಂಡಿತು. ವರ್ಣಗಳು ಅತ್ಯಂತ ಸಮೀಪವಾದಾಗ ಹೀಗಾಗುವುದೆಂದು ಪಾಣಿನಿಯು ಕಂಡು, ಆ ಸಾಮೀಪ್ಯಕ್ಕೆ ಸಂಹಿತೆಯೆಂದು ಹೆಸರಿಟ್ಟನು. ಅವನು ನಾಲಗೆಗೆ ಹೇಳಿದುದು ಕೈಗೂ ಸಲ್ಲುವುದು. ಬರೆಯುವ ಕೈಯೂ ಮುಂದಿನ ಅಕ್ಷರವನ್ನು ನೆನೆದುಕೊಂಡೇ ಈಗಿನ ಅಕ್ಷರವನ್ನು ಮುಗಿಸುವುದು. ಸೀಸದ ಮೊಳೆಗೆ ನೆರೆಯವರ ಪರಿಚಯವಿಲ್ಲ. ಅದು ಸಂಧಿಯನ್ನರಿಯದ ಪದಪಾಠ.

ಜಾಫಿನೊದೊಳಗೆ ಸೂತ್ರಗಳ ಒಂದು ಪಟ್ಟಿ ಅಡಗಿರುವುದು. ಇಂಥ ಅಕ್ಷರದ ಪಕ್ಕದಲ್ಲಿ ಇಂಥದು ಬಂದರೆ ಮೊದಲನೆಯದನ್ನು ತೆಗೆದು ಅದರ ಇನ್ನೊಂದು ರೂಪವನ್ನಿಡು. ಇವೆರಡು ಸೇರಿದರೆ ಎರಡನ್ನೂ ತೆಗೆದು ಒಂದು ಕೂಡಕ್ಷರವನ್ನಿಡು—ಹೀಗೆ. ಅಕ್ಷರಗಳು ಇಪ್ಪತ್ತಾರೇ ಆದರೂ ಆಪಲ್ ಗಣಕಯಂತ್ರಗಳೊಡನೆ ಬರುವ ಜಾಫಿನೊದಲ್ಲಿ ರೂಪಗಳು ಸಾವಿರಕ್ಕೂ ಹೆಚ್ಚು. ಮಗಳು ಅದನ್ನು ತನ್ನ ಯಂತ್ರದಲ್ಲಿ ತೋರಿಸಿದಳು. ಜಾಫಿನೊ ಎಂಬ ಹೆಸರನ್ನೇ ಇಂಗ್ಲಿಷಿನ ಏಳು ಅಕ್ಷರಗಳಲ್ಲಿ ಒಂದೊಂದಾಗಿ ಒತ್ತಿದಳು. ಏಳನೆಯದನ್ನು ಒತ್ತಿದೊಡನೆ ಅಷ್ಟೂ ಅಕ್ಷರಗಳು ಸಟ್ಟನೆ ಎದ್ದು ಒಂದೇ ಅಖಂಡ ರೂಪವಾಗಿ ಕುಳಿತವು. ಆ ಹೆಸರಿಗೆಂದೇ ಏಳು ಅಕ್ಷರದ ಒಂದು ಕೂಡಕ್ಷರವನ್ನು ಒಳಗಿಟ್ಟಿದ್ದಾರೆ. ನಾನು ಅದನ್ನು ನಾಲ್ಕಾರು ಸಲ ಅಳಿಸಿ ಒತ್ತಿಸಿದೆನು. ಅರುವತ್ತರ ಮೇಲೆ ಬೊಂಬೆಯಾಟ ನೋಡುವ ಸುಖವು ಸುಲಭವಾಗಿ ಸಿಕ್ಕುವುದಿಲ್ಲ.

ಇದು ಪಾಶ್ಚಾತ್ಯರ ವಿಲಾಸವೆಂದು ತಳ್ಳಿಬಿಡುವಂತಿಲ್ಲ. ನಾನು ಕೀಲಿಮಣೆಯಲ್ಲಿ ಕ್ಷಕಾರವನ್ನು ಬರೆದಾಗ ಯಂತ್ರದೊಳಗೆ ಉಳಿಯುವುದು ಮೂರು: ಕಕಾರ, ಸ್ವರವನ್ನು ಕೊಲ್ಲುವ ಹಲಂತ ಚಿಹ್ನೆ, ಷಕಾರ. ಕಣ್ಣಿಗೆ ಕಾಣುವುದು ಒಂದೇ ಅಕ್ಷರ. ನಡುವೆ ಕೆಲಸಮಾಡುವುದು ಇದೇ ಬಗೆಯ ಸೂತ್ರಗಳ ಪಟ್ಟಿ. ಜಾಫಿನೊದಲ್ಲಿ ಅದು ಶೃಂಗಾರಕ್ಕೆ ಉಂಟಾದುದು, ನಮಗೆ ಅದಿಲ್ಲದೆ ಊಟವೇ ಇಲ್ಲ. ನನ್ನ ಸೋದರಮಾವನವರ ಪೆಟ್ಟಿಗೆಯ ನೂರಾರು ಮನೆಗಳು ಈಗ ಆ ಪಟ್ಟಿಯೊಳಗೆ ಅಡಗಿವೆ.

ಇಷ್ಟು ತಿಳಿದಮೇಲೆ ಆ ಕರಡುಪ್ರತಿಯನ್ನು ಮತ್ತೆ ನೋಡಿದೆನು. ದೋಷವು ಅಕ್ಷರದ್ದಲ್ಲವೆಂದು ಆಗ ಸ್ಪಷ್ಟವಾಯಿತು. ಆದರೂ ಅದನ್ನು ಪೂರ್ಣವಾಗಿ ಬಿಡುಗಡೆ ಮಾಡಲಾರೆ. ಈ ಅಕ್ಷರದ ನಡುಭಾಗವು ಬಹಳ ಚಿಕ್ಕದು, ಕೈಕಾಲುಗಳು ಬಹಳ ನೀಳ. ಸಾಲುಗಳ ನಡುವೆ ಧಾರಾಳವಾದ ಜಾಗ ಬೇಕು. ಇಲ್ಲದಿದ್ದರೆ ಮೇಲಿನವರ ಕಾಲು ಕೆಳಗಿನವರ ತಲೆಗೆ. ದೊಡ್ಡಕ್ಷರವು ಮಾತಿನ ಮುಂದೆ ಒಂದೇ ನಿಲ್ಲಬೇಕು. ದಿಬ್ಬಣಕ್ಕೆ ಮದುಮಗನೊಬ್ಬನೇ ಬಾಸಿಂಗ ಕಟ್ಟಿಕೊಳ್ಳುವುದು, ಬಂದವರೆಲ್ಲ ಕಟ್ಟಿಕೊಂಡರೆ ಹುಡುಗಿಯ ಕಡೆಯವರು ಯಾರ ಕಾಲು ತೊಳೆಯಬೇಕು? ಮೂರು ಸಾಲಿಗಿಂತ ಹೆಚ್ಚು ಓದಿಸಿದರೆ ಕಣ್ಣು ನೋಯುವುದು. ಇನ್ನೊಂದು ಆಕ್ಷೇಪವೂ ನನಗುಂಟು. ಯಂತ್ರವನ್ನು ಕೊಂಡವರಿಗೆಲ್ಲ ಕೇಳದೆಯೇ ದೊರೆಯುವುದರಿಂದ, ಪ್ರಶಸ್ತಿಪತ್ರದಲ್ಲಿರಬೇಕಾದ ಅಕ್ಷರವು ಬಟ್ಟೆ ಅಂಗಡಿಯ ಚೀಲದ ಮೇಲೂ ಮಿಠಾಯಿಯ ಡಬ್ಬಿಯ ಮೇಲೂ ಕುಳಿತಿದೆ. ರೇಷ್ಮೆಯುಟ್ಟು ದನ ಮೇಯಿಸಲು ಹೋದಂತೆ ಕಾಣುವುದು. ಇದು ಹಳೆಯ ಕಾಲದವನ ಗೊಣಗಾಟವೆಂದು ಮಗಳ ಅಭಿಪ್ರಾಯ.

ಮರುದಿನ ನಾವಿಬ್ಬರೂ ಅಚ್ಚುಕೂಟಕ್ಕೆ ಹೋದೆವು. ಆ ಹುಡುಗನು ಒಳ್ಳೆಯವನು. ಕಥೆಯನ್ನು ಹೇಳಿದಾಗ ಚಹಾ ತರಿಸಿ ಕೇಳಿದನು. ಪತ್ರಿಕೆಯ ಒಕ್ಕಣೆಯನ್ನೆಲ್ಲ ಸಾದಾ ಅಕ್ಷರಕ್ಕೆ ಬದಲಾಯಿಸಿದೆವು. ವಧೂವರರ ಎರಡು ಹೆಸರುಗಳು ಮಾತ್ರ ಜಾಫಿನೊದಲ್ಲಿ, ಮೊದಲನೆಯದು ದೊಡ್ಡಕ್ಷರ, ಉಳಿದವು ಚಿಕ್ಕವು. ವರನ ಹೆಸರಿನ ಒಂದು ಬಾಲವು ಆಗಲೂ ತಾರೀಖಿನ ಕಡೆಗೆ ಇಳಿಯುತ್ತಿತ್ತು. ಮಗಳು ಪರದೆಯ ಮೇಲೆ ಆ ಅಕ್ಷರದ ಬೇರೆ ರೂಪಗಳನ್ನು ತೆಗೆಸಿ, ಬಾಲವನ್ನು ಎಡಕ್ಕೆ ಮಡಿಸಿಕೊಂಡಿರುವ ಒಂದನ್ನು ಆರಿಸಿದಳು. ತಾರೀಖು ಬಿಡುಗಡೆಯಾಯಿತು. ಹೊಸ ಕರಡನ್ನು ಕಳುಹಿಸಿದ ಹತ್ತು ನಿಮಿಷದಲ್ಲಿ ಬೀಗರ ಉತ್ತರ ಬಂದಿತು: “ಮೇಷ್ಟರೇ, ಹುಡುಗ ಸಿಕ್ಕಿದ.”

ಹೊರಡುವಾಗ ಆ ಹುಡುಗನು, ಕನ್ನಡದ ಪುಟದ ನೆತ್ತಿಗೆ ಹಾಕುವ ಶ್ರೀಕಾರವನ್ನು ಯಂತ್ರದಲ್ಲಿರುವವುಗಳಿಂದ ಆರಿಸಿಕೊಳ್ಳಿರೆಂದನು. ಆರೇಳು ಬಗೆ ತೋರಿಸಿದನು. ಮಗಳು ಯಾವುದನ್ನೂ ಒಪ್ಪದೆ, “ಅಪ್ಪನೇ ಬರೆಯುತ್ತಾರೆ” ಎಂದಳು. ಮನೆಗೆ ಬಂದು, ಲಾಳದ ಕಡ್ಡಿಯನ್ನು ಓರೆಯಾಗಿ ಚಪ್ಪಟೆಗೆ ಕೊಯ್ದು, ಮಸಿಕುಡಿಕೆಯನ್ನು ಮುಂದಿಟ್ಟುಕೊಂಡು ಕುಳಿತೆನು. ಶಕಾರದ ಕೆಳಗೆ ರಕಾರದ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ; ಹುಟ್ಟಿದಾರಭ್ಯ ಬರೆದ ಅಕ್ಷರ. ದೀಪ ಹಚ್ಚುವ ಹೊತ್ತಿಗೆ ನಾಲ್ವತ್ತೊಂದು ಶ್ರೀಗಳಾಗಿದ್ದವು, ಯಾವ ಎರಡೂ ಒಂದೇ ತೆರನಾಗಿರಲಿಲ್ಲ. ಮಗಳು ನೆಲದ ಮೇಲೆ ಹಾಳೆಗಳನ್ನು ಹರಡಿಕೊಂಡು ಬಹಳ ಹೊತ್ತು ನೋಡಿ, ಒತ್ತು ಸ್ವಲ್ಪ ಉದ್ದವಾಗಿ ಎಡಕ್ಕೆ ಹರಿದುಹೋಗಿದ್ದ ಹದ್ನೇಳನೆಯದನ್ನು ಎತ್ತಿಟ್ಟುಕೊಂಡಳು. ನಾನು ಅದನ್ನು ಕೆಟ್ಟಿತೆಂದು ಬದಿಗೆ ಸರಿಸಿದ್ದೆನು.